ಬಾತು ಮನೆಗೆ ಹೋಗುವ ದಿಕ್ಕು

ಕಳೆದ ಗುರುವಾರ ಮಧ್ಯಾಹ್ನ ನನ್ನ ಗೆಳೆಯ ತೀರಿಕೊಂಡ. ತನ್ನ ಕ್ಷೌರದಂಗಡಿಯ ಮೆಟ್ಟಿಲ ಮೇಲೆ ಕೂತಿದ್ದವನು ಕೂತಲ್ಲೇ ಗೋಡೆಗೆ ಒರಗಿದ. ಹೃದಯ ನಿಂತಿದೆ ಎಂದರು ಡಾಕ್ಟರು.

ನನ್ನದು ಪಕ್ಕದ ಹಳೆ ಪುಸ್ತಕದ ಅಂಗಡಿ. ನಮ್ಮಿಬ್ಬರ ನಡುವೆ ಇದ್ದದ್ದು ಒಂದು ಗೋಡೆ ಮಾತ್ರ. ನನ್ನ ರೇಡಿಯೋ ಅವನಿಗೂ ಕೇಳಬೇಕು, ಇಲ್ಲದಿದ್ದರೆ ಕತ್ತರಿ ಆಡುವುದಿಲ್ಲ ಎನ್ನುತ್ತಿದ್ದ. ಸಣ್ಣಗೆ ಇಟ್ಟರೆ ಬ್ರಶ್ಶಿನ ಹಿಡಿಯಿಂದ ಗೋಡೆ ಕುಟ್ಟಿ ಕೂಗುವನು: "ಏನಯ್ಯಾ, ಹಾಡೋರಿಗೆ ಗಂಟಲು ಕಟ್ಟಿದೆಯಾ?"

ವಿನಯ ಅವನ ಹತ್ತಿರ ಸುಳಿದದ್ದಿಲ್ಲ. ತಾನು ಕ್ರಾಪು ಮಾಡಿದ ತಲೆ ಬೀದಿಯಲ್ಲಿ ಕಂಡರೆ ನನ್ನನ್ನು ಹೊರಗೆ ಕರೆಯುತ್ತಿದ್ದ. "ಹಿಂದಿನಿಂದ ನೋಡು, ಹಿಂದಿನಿಂದ. ಮುಖಕ್ಕೆ ನಾನು ಜವಾಬ್ದಾರನಲ್ಲ."

ಅಂಗಡಿಯ ಒಂದು ಪಕ್ಕಕ್ಕೆ ಬೀದಿ, ಇನ್ನೊಂದು ಪಕ್ಕಕ್ಕೆ ಪರದೆ. ಪರದೆಯ ಆಚೆ ಮನೆ. ಮನೆಯಲ್ಲಿ ಅವನು, ಮಗಳು, ಮೊಮ್ಮಗಳು. ಮಗಳು ಆಸ್ಪತ್ರೆಯಲ್ಲಿ ನರ್ಸು, ಅವಳಿಗೆ ರಜೆ ಗುರುವಾರ ಮಾತ್ರ. ಉಳಿದ ದಿನಗಳಲ್ಲಿ ಮಗು ತಾತನ ಕಾಲ ಸುತ್ತ, ಉದುರಿದ ಕೂದಲ ನಡುವೆ ಬೆಳೆಯಿತು. ಮೂರು ತುಂಬಿದರೂ ಮಾತಾಡಲಿಲ್ಲ. ಕಿವಿ ಚೆನ್ನಾಗಿತ್ತು, ಹೇಳಿದ್ದೆಲ್ಲ ತಿಳಿಯುತ್ತಿತ್ತು, ಬಾಯಿ ಮಾತ್ರ ಬಿಡಲೊಲ್ಲದು. ಯಾರಿಗೂ ಮುಖ ಕೊಟ್ಟು ನೋಡುತ್ತಲೂ ಇರಲಿಲ್ಲ. ಡ್ಯೂಟಿ ಮುಗಿಸಿ ಬಂದ ಮಗಳು ಅದರೆದುರು ಕೂತು, "ಅಮ್ಮ ಅನ್ನು ಪುಟ್ಟಿ, ಒಂದೇ ಒಂದು ಸಲ" ಎಂದು ಅಂಗಲಾಚುವುದು ಗೋಡೆಯ ಈಚೆಗೂ ಕೇಳುತ್ತಿತ್ತು. ಆಗ ನಾನು ರೇಡಿಯೋ ಜೋರು ಮಾಡುತ್ತಿದ್ದೆ. ಕೇಳಲು ಆಗುತ್ತಿರಲಿಲ್ಲ.

ಮನೆಯಲ್ಲಿ ಚಿತ್ರದ ಪುಸ್ತಕ ತೋರಿಸುತ್ತ ಮಾತಾಡಿಸಿ ಎಂದರಂತೆ ಮಕ್ಕಳ ಡಾಕ್ಟರು. ಮರುದಿನವೇ ಅವನು ಬಂದು ನನ್ನ ಕಪಾಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತ. ಹೊಳೆಯುವ ಹಾಳೆಗಳ ದಪ್ಪ ಪ್ರಾಣಿಪುಸ್ತಕ ತೆಗೆದುಕೊಟ್ಟೆ.

"ಕಾಡೆಲ್ಲ ಒಂದೇ ಪುಟಕ್ಕೆ ನುಗ್ಗಿದೆಯಲ್ಲಯ್ಯ! ಬಸ್ ಸ್ಟ್ಯಾಂಡ್ ಇದ್ದ ಹಾಗಿದೆ."

"ನಾಲ್ಕು ವಿಷಯ ತಿಳ್ಕೊಳ್ಳಲಿ ಅಂತ..."

"ತಿಳ್ಕೊಂಡಿದ್ದಾಳೆ. ಈಗ ಮಾತಾಡಬೇಕು, ಅಷ್ಟೇ."

ಆಮೇಲೆ ಪುಸ್ತಕಗಳನ್ನು ಒಂದೊಂದಾಗಿ ನನ್ನ ಕೈಗಿತ್ತು, ತಾನು ಬಾಗಿಲವರೆಗೆ ಹೋಗಿ, "ಎತ್ತಿ ಹಿಡಿ" ಎಂದ. ಅಷ್ಟು ದೂರದಿಂದ ಚಿತ್ರ ಏನೆಂದು ತಿಳಿಯದ್ದನ್ನೆಲ್ಲ ಬೇಡವೆಂದ. ಕಡೆಗೆ ಉಳಿದದ್ದು ಮೂಲೆ ಹರಿದ ಒಂದು ತೆಳು ಪುಸ್ತಕ. ದಿನವಿಡೀ ಸುತ್ತಾಡಿದ ಬಾತು ಸಂಜೆ ಮನೆಗೆ ಹೋಗುತ್ತದೆ, ಅಷ್ಟೇ ಕತೆ. ಪುಟಕ್ಕೊಂದು ಬಾತು, ಪುಟಕ್ಕೊಂದು ಸಾಲು.

ದೂರದ ಪರೀಕ್ಷೆ ಯಾಕೆಂದು ಮಧ್ಯಾಹ್ನ ತಿಳಿಯಿತು. ಗಿರಾಕಿಗಳಿಲ್ಲದ ಹೊತ್ತು ನೋಡಿ ಕುರ್ಚಿಯ ಕೈಗಳ ಮೇಲೆ ಅಡ್ಡಹಲಗೆ ಇಟ್ಟ, ಮಗುವನ್ನು ಕನ್ನಡಿಗೆ ಎದುರಾಗಿ ಕೂರಿಸಿದ, ಹಿಂದೆ ನಿಂತು ಪುಸ್ತಕವನ್ನು ಅವಳ ತಲೆಯ ಮೇಲೆ ಕನ್ನಡಿಗೆ ಮುಖ ಮಾಡಿ ಹಿಡಿದ. ಯಾರನ್ನೂ ನೋಡದ ಮಗು ಕನ್ನಡಿಯೊಳಗಿನ ತಾತನನ್ನು ಮಾತ್ರ ನೆಟ್ಟ ಕಣ್ಣಿನಿಂದ ನೋಡುತ್ತದೆ ಎಂಬುದನ್ನು ಅವಳ ಕೂದಲು ಕತ್ತರಿಸುವಾಗಲೇ ಅವನು ಕಂಡುಕೊಂಡಿದ್ದ. ಕನ್ನಡಿಯಲ್ಲಿ ಅಕ್ಷರ ತಿರುಗುಮುರುಗು. ಅದಕ್ಕೆಂದೇ ಸಾಲುಗಳನ್ನು ಬಾಯಿಪಾಠ ಮಾಡಿದ್ದ. ದಿನಾ ಅದೇ ಬಾತು. ಬೇಜಾರಾಗಲ್ಲವೇನೋ ಎಂದೆ. "ಇಷ್ಟು ವರ್ಷದಿಂದ ಅದೇ ನಿನ್ನ ತಲೆ ನೋಡ್ತಿದ್ದೀನಿ. ಏನಾದ್ರೂ ಅಂದಿದ್ದೀನಾ?"

ಒಂದು ದಿನ ನಡುವೆ ಗಿರಾಕಿ ಬಂದನೆಂದು ಅವಸರದಲ್ಲಿ ಪುಟವೊಂದನ್ನು ಹಾರಿಸಿದ. ಕನ್ನಡಿಯೊಳಗಿನ ಮಗು ಹುಬ್ಬು ಗಂಟಿಕ್ಕಿತು.

"ಬಾತು ನೀರು ಕುಡೀಲಿಲ್ಲ."

ಮರುಕ್ಷಣ ನನ್ನ ಗೋಡೆ ಬಿದ್ದೇಹೋಗುವಂತೆ ಕುಟ್ಟಿದ. "ಕೇಳಿಸ್ತೇನೋ! ಮೊದಲನೇ ಮಾತಿಗೇ ತಾತನ ತಪ್ಪು ಹಿಡಿದಳು ಕಣೋ, ನನ್ನ ಮೊಮ್ಮಗಳು!" ಆಮೇಲೆ ಅಂಗಡಿಗೆ ಬಂದವರಿಗೆಲ್ಲ ಇದೇ ಕತೆ. ಮುಖಕ್ಕೆ ಸೋಪು ಹಚ್ಚಿಸಿಕೊಂಡವರು ಎದ್ದು ಓಡುವಂತಿರಲಿಲ್ಲ.

ಆದರೆ ಮಾತು ಕನ್ನಡಿಯ ಮುಂದೆ ಮಾತ್ರ, ತಾತನ ಜೊತೆ ಮಾತ್ರ. ಹಡೆದವಳಿಗೆ ಇನ್ನೂ ಒಂದು ಶಬ್ದವೂ ಸಿಕ್ಕಿರಲಿಲ್ಲ. ಅವನು ಹೋಗುವುದಕ್ಕೆ ಒಂದು ವಾರ ಮುಂಚಿನ ಗುರುವಾರ ಅವಳು ಅದೇ ಕುರ್ಚಿಯಲ್ಲಿ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಅದೇ ಪುಸ್ತಕ ತೆರೆದಳು. ಕಡೆಯ ಪುಟ ಬಂದೊಡನೆ ಮಗು ಪುಸ್ತಕವನ್ನು ತಳ್ಳಿ ಅತ್ತಿತು.

"ನಾನು ಓದೋದು ಬೇಡ್ವಂತಪ್ಪ ಅವಳಿಗೆ," ಎಂದಳು ಮಗಳು. "ನಾನೇ ಬೇಡ್ವೇನೋ."

ಅವನು ಬೆಪ್ಪಾಗಿ ನಿಂತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರುದಿನ ಹಲಗೆಯ ಮೇಲೆ ಕೂರಿಸಿ, ಯಾಕಮ್ಮ ಅತ್ತೆ ಎಂದು ಕನ್ನಡಿಯಲ್ಲಿ ಕೇಳಿದ. ಮಗು ಹೇಳಿತು: "ಅಮ್ಮನ ಬಾತು ಮನೆಗೆ ಹೋಗಲ್ಲ."

ಆ ಮಾತನ್ನು ದಿನಗಟ್ಟಲೆ ತಲೆಯಲ್ಲಿ ಹೊತ್ತು ತಿರುಗಿದ. ಒಬ್ಬನ ಮೀಸೆ ಒಂದು ಕಡೆ ಹೆಚ್ಚು ಕತ್ತರಿಸಿ ಬೈಸಿಕೊಂಡ. ಬುಧವಾರ ಪುಸ್ತಕ ಹಿಡಿದು, ನಕ್ಕು ನಕ್ಕು ಕಣ್ಣೊರೆಸಿಕೊಳ್ಳುತ್ತ ನನ್ನಲ್ಲಿಗೆ ಬಂದ.

"ಕನ್ನಡೀಲಿ ಬಾತು ನಮ್ಮ ಪರದೆ ಕಡೆ ನಡೆಯುತ್ತೆ, ಮನೆ ಕಡೆ. ಮಗಳು ತೊಡೆ ಮೇಲೆ ಪುಸ್ತಕ ಇಟ್ಕೊಂಡ್ರೆ ಅದು ತಿರುಗಿ ಬೀದಿ ಕಡೆ ಹೊರಟಿರುತ್ತೆ! ಮಗು ಅಳದೆ ಇನ್ನೇನು? ಅಕ್ಷರ ತಿರುಗುತ್ತೆ ಅಂತ ಗೊತ್ತಿತ್ತು ಕಣೋ, ಬಾತೂ ತಿರುಗುತ್ತೆ ಅಂತ ಹೊಳೀಲೇ ಇಲ್ಲ. ಜೀವಮಾನವೆಲ್ಲ ಕನ್ನಡೀಲಿ ಕಳೆದೋನು ಮಾತ್ರ ಮಾಡೋ ತಪ್ಪು ಇದು. ನಿನ್ನ ಕೈಲಾಗುತ್ತಾ?"

ತಪ್ಪಿನ ಮೇಲೂ ಅವನಿಗೆ ಜಂಬ.

ಮರುದಿನ, ಕಳೆದ ಗುರುವಾರ, ಊಟವಾದ ಮೇಲೆ ನನ್ನನ್ನೂ ಕರೆದ. ಮಗಳನ್ನು ಕುರ್ಚಿಯಲ್ಲಿ ಕೂರಿಸಿ ಮಗುವನ್ನು ಅವಳ ತೊಡೆಗೆ ಕೊಟ್ಟ. ಮದುಮಗನಿಗೆ ಕ್ಷೌರ ಮಾಡುವವನ ಗತ್ತಿನಲ್ಲಿ ಕುರ್ಚಿಯನ್ನು ಮೆಲ್ಲಗೆ ತಿರುಗಿಸಿದ. ಕನ್ನಡಿ ಅವರ ಬೆನ್ನಿಗಾಯಿತು. ಎಡಕ್ಕಿದ್ದ ಪರದೆ ಬಲಕ್ಕೆ ಬಂತು.

"ಈಗ ಓದಮ್ಮ."

ಅವಳು ಒಂದು ಪುಟವನ್ನೂ ಬಿಡದೆ ಓದಿದಳು. ಕಡೆಯ ಪುಟದಲ್ಲಿ ಮಗು ಬಾತಿನ ಕೊಕ್ಕಿನ ಮೇಲೆ ಬೆರಳಿಟ್ಟು, ಅದರ ನೇರಕ್ಕೆ ಕಣ್ಣು ಹಾಯಿಸಿ ಪರದೆಯನ್ನು ನೋಡಿತು. ಆಮೇಲೆ ಕತ್ತೆತ್ತಿ, ಕನ್ನಡಿಯ ಹಂಗಿಲ್ಲದೆ, ತಾಯಿಯ ಮುಖವನ್ನೇ ನೋಡಿತು.

"ಮನೆಗೆ ಹೋಯ್ತು. ಅಮ್ಮ, ಇನ್ನೊಂದ್ಸಲ."

ಮಗಳು ಅಳುತ್ತಲೇ ಮೊದಲ ಪುಟಕ್ಕೆ ತಿರುಗಿಸಿದಳು. ಅವನು ನನ್ನ ತೋಳು ಹಿಡಿದು ಹೊರಗೆ ನಡೆಸಿದ. ಏನೂ ಕೊಚ್ಚಿಕೊಳ್ಳಲಿಲ್ಲ. ಅಷ್ಟರಲ್ಲಿ ಗಡ್ಡ ತೆಗೆಸಲು ಒಬ್ಬರು ಬಂದರು.

"ಈಗಾಗಲ್ಲ ಸ್ವಾಮಿ," ಎಂದ, ಇಡೀ ಬೀದಿಗೆ ಕೇಳುವಂತೆ. "ನನ್ನ ಮಗಳು ನನ್ನ ಮೊಮ್ಮಗಳಿಗೆ ಪುಸ್ತಕ ಓದ್ತಿದ್ದಾಳೆ."

ಬಾಗಿಲನ್ನು ಅರ್ಧ ಎಳೆದು ಮೆಟ್ಟಿಲ ಮೇಲೆ ಕೂತ. ನಾನು ನನ್ನ ಅಂಗಡಿಗೆ ಮರಳಿದೆ. ರೇಡಿಯೋದಲ್ಲಿ ಯಾವುದೋ ಹಾಡು ಬರುತ್ತಿತ್ತು. ಅವನು ಕೂತಲ್ಲಿಂದಲೇ ಬಗ್ಗಿ ನನ್ನ ಬಾಗಿಲೊಳಗೆ ಇಣುಕಿದ, ತುಟಿಯ ಮೇಲೆ ಬೆರಳಿಟ್ಟ, ಇನ್ನೊಂದು ಕೈಯಿಂದ ರೇಡಿಯೋ ಆರಿಸು ಎಂದು ಸನ್ನೆ ಮಾಡಿದ.