ತಾರಸಿಯ ಸದ್ದು ಕೇಳುವ ಬಂಗಾರಮ್ಮ

ಬೆಳಗಿನ ಆರು ಗಂಟೆ. ಶಿಕಾರಿಪುರದ ಹಳೇ ಕೇರಿಯಲ್ಲಿ ಮಿಕ್ಸಿ, ಬೈಕುಗಳ ಗಲಾಟೆ ಇನ್ನೂ ಶುರುವಾಗಿಲ್ಲ. ವೀರಬಸಪ್ಪನವರ ನಡುಮನೆಯಲ್ಲಿ ನಿಂತ ಬಂಗಾರಮ್ಮ ಉದ್ದ ಕೋಲಿಗೆ ಕಟ್ಟಿದ ಸುತ್ತಿಗೆಯಿಂದ ತಾರಸಿಯ ಅಡಿಭಾಗ ಬಡಿಯುತ್ತಿದ್ದಾರೆ. ಇದು ಗಟ್ಟಿಯಿದೆ ಎಂದು ಹೋದ ವಾರ ಗುರುತು ಹಾಕಿದವರು ಇವರೇ. ಇವತ್ತು ಹತ್ತು ಗಂಟೆಗೆ ಇದರ ಮೇಲೆ ಸೋಲಾರ್ ಪ್ಯಾನೆಲ್ ಏರಬೇಕು.

ಐವತ್ತೆರಡರ ಬಂಗಾರಮ್ಮ ಈಸೂರಿನವರು. ಇಪ್ಪತ್ತಾರು ವರ್ಷ ಗಾರೆ ಕೆಲಸದಲ್ಲಿ ಸವೆದವರು. ಕೇರಿಯ ಹಳೇ ಮನೆಗಳನ್ನು ಕೆಡವದೆ ರಿಪೇರಿ ಮಾಡಿ, ಮನೆಗೂ ಬೀದಿದೀಪಕ್ಕೂ ನೀರಿನ ಮೋಟಾರಿಗೂ ಇಲ್ಲಿಯ ಬಿಸಿಲಿನಿಂದಲೇ ಕರೆಂಟು ಕೊಡುವ ಯೋಜನೆ ನಡೆದಿದೆ. ಕಾಗದದ ಲೆಕ್ಕ ಇಂಜಿನಿಯರ್ ಸಂಗಮೇಶ್ ಅವರದು. ಭಾರ ತಡೆಯದ ತಾರಸಿಯನ್ನು ಸದ್ದಿನಲ್ಲೇ ಹಿಡಿಯುವುದು ಬಂಗಾರಮ್ಮನ ಕೆಲಸ. ದಿನಕ್ಕೆ ಆರು ಮನೆ. ಈವರೆಗೆ ಅರವತ್ನಾಲ್ಕು ನೋಡಿ ಹನ್ನೊಂದಕ್ಕೆ ಬೇಡವೆಂದಿದ್ದಾರೆ.

ಹೆದರಿಕೆ ಹಳೆಯದು. ಸೊರಬದಲ್ಲಿ ಸೆಂಟ್ರಿಂಗ್ ಹಲಗೆ ಬಿಚ್ಚುವಾಗ ತಾರಸಿ ಕುಸಿದು ತಂಗಿ ಕರುಣಾ ಕಣ್ಣೆದುರೇ ಹೋದಳು. ಅಂದಿನಿಂದ ಯಾರ ಮನೆಗೆ ಹೋದರೂ ಮೊದಲು ಕಣ್ಣು ಮೇಲಕ್ಕೇ.

ಎಡವಟ್ಟಾದದ್ದು ಹೀಗೆ. ಇಂಜಿನಿಯರ್ ಕಡೆಯವರು ಬರುತ್ತಾರೆಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಬೀಗರು ಬರುತ್ತಾರೇನೋ ಎಂಬಂತೆ ವೀರಬಸಪ್ಪ ಬಿರುಕಿಗೆ ಪುಟ್ಟಿ ಮೆತ್ತಿಸಿ, ಬಣ್ಣ ಹೊಡೆಸಿ ಕಾಯುತ್ತಿದ್ದರು. ಚಹಾದ ಉಪಚಾರದ ನಡುವೆ ಬಂಗಾರಮ್ಮ ನಾಲ್ಕೇ ಕಡೆ ಬಡಿದು ಹೊರಟುಬಿಟ್ಟರು. ನಿನ್ನೆ ಪೇಂಟರ್ ಹನುಮಂತಪ್ಪ ಮಾತಿನ ನಡುವೆ ಆ ಪುಟ್ಟಿಯ ಸುದ್ದಿ ಎತ್ತಿದಾಗಲೇ ಬಂಗಾರಮ್ಮನಿಗೆ ತಪ್ಪು ತಿಳಿದದ್ದು.

ವೀರಬಸಪ್ಪನವರ ಮೊಮ್ಮಗು ಮಲಗಿದ್ದ ಮಂಚವನ್ನು ಬಂಗಾರಮ್ಮ ಇವತ್ತು ಬಡಿಯುವ ಮೊದಲೇ ಹಠ ಹಿಡಿದು ಹೊರಗೆ ಹಾಕಿಸಿದ್ದಾರೆ. ಮೂಲೆಯಲ್ಲಿ ಟೊಳ್ಳು ಸದ್ದು. ಇನ್ನೊಂದೇಟಿಗೆ ರೊಟ್ಟಿಯಗಲದ ಕಾಂಕ್ರೀಟು ಮಂಚವಿದ್ದ ಜಾಗಕ್ಕೇ ಬೀಳುತ್ತದೆ. ಮೇಲೆ ತುಕ್ಕು ತಿಂದ ಕಬ್ಬಿಣ.

“ನಾಚ್ಕಿ ಆತು ಬಂಗಾರಮ್ಮ, ಅದ್ಕೇ ಮುಚ್ಸಿದ್ದೆ,” ಎನ್ನುತ್ತಾರೆ ವೀರಬಸಪ್ಪ.

“ನಾನೂ ಚಾ ಕುಡ್ದು ಹೋದ್ನೆಲ್ರೀ ಯಜಮಾನ್ರೆ. ತಪ್ಪು ನಂದೂ ಐತಿ.”

ಅದೇ ಮಾತನ್ನು ಸಂಗಮೇಶ್‌ಗೆ ಫೋನಿನಲ್ಲೂ ಒಪ್ಪಿಸುತ್ತಾರೆ. ಇಡೀ ಬೀದಿಯ ಲೆಕ್ಕ ತಿರುಗಿ ಹಾಕಬೇಕೆಂದು ಅವರು ಗೊಣಗಿ, ಕೊನೆಗೆ ಪ್ಯಾನೆಲ್ ಗಾಡಿ ನಿಲ್ಲಿಸುತ್ತಾರೆ. ಬಂಗಾರಮ್ಮನಿಗೆ ಸಮಾಧಾನವಿಲ್ಲ. ಗಟ್ಟಿಯೆಂದ ಮನೆಗಳಲ್ಲಿ ಇನ್ನೂ ಒಂಬತ್ತಕ್ಕೆ ಹೊಸ ಬಣ್ಣವಿದೆ. ಎರಡಕ್ಕೆ ಪ್ಯಾನೆಲ್ ಏರಿಯೂ ಆಗಿದೆ. ಆ ಎರಡಕ್ಕೇ ಮೊದಲು ಹೋಗಬೇಕು.

ಕೋಲು ಹಿಡಿದು ಅವುಗಳಲ್ಲಿ ಒಂದು ಮನೆಯ ಬಾಗಿಲು ತಟ್ಟುತ್ತಾರೆ. ಇಷ್ಟು ಬೆಳಿಗ್ಗೆಯೇ ಏನು, ಹೋದ ವಾರ ನೋಡಿ ಹೋಗಿದ್ದಿರಲ್ಲ ಎಂದು ಒಳಗಿನಿಂದ ಸಿಡುಕಿನ ದನಿ.

“ಮೊದ್ಲು ಎಲ್ರೂ ಹೊರಗ್ ಬರ್ರಿ,” ಎನ್ನುತ್ತಾರೆ ಬಂಗಾರಮ್ಮ. “ಆಮೇಲೆ ಎಷ್ಟಾದ್ರೂ ಬೈರಿ.”