ಅವರು ಎಸೆಯದ ಸಿಮ್

ಬಣಕಲ್‌ನಲ್ಲಿ ರೀಚಾರ್ಜ್ ಅಂಗಡಿ ಇಟ್ಟಿದ್ದ ಅವರು, ಹೊಸ ಆಫರ್ ಬಂದಾಗಲೆಲ್ಲ ಉಗುರಿನಿಂದ ಕಾರ್ಡ್ ಕೆರೆಯುತ್ತಾ ಗಿರಾಕಿಗಳಿಗೆ, "ಹಳೇ ಸಿಮ್ ಎಸೀರಿ ಮಾರಾಯ್ರೇ, ಇದ್ರಲ್ಲಿ ಟಾಕ್‌ಟೈಮ್ ಫ್ರೀ" ಎನ್ನುತ್ತಿದ್ದರು. ತಮ್ಮ ಸಿಮ್ಮನ್ನು ಮಾತ್ರ ಬದಲಿಸಿರಲಿಲ್ಲ. ಜಗಳವಾಡಿ ಮನೆ ಬಿಟ್ಟುಹೋದ ಮಗಳಿಗೆ ಗೊತ್ತಿದ್ದುದು ಆ ನಂಬರ್ ಒಂದೇ.

ಕಾಮಾಲೆಯಾಗಿ ಅವರು ಆಸ್ಪತ್ರೆ ಸೇರಿದ್ದಾಗ ರೀಚಾರ್ಜ್ ಮಾಡುವವರಿಲ್ಲದೆ ಅದರ ವ್ಯಾಲಿಡಿಟಿ ಮುಗಿಯಿತು. ಅವರು ವಾಪಸ್ ಬರುವಷ್ಟರಲ್ಲಿ ನಂಬರ್ ರದ್ದಾಗಿತ್ತು; ಕೆಲವು ತಿಂಗಳಲ್ಲಿ ಅದು ಬೇರೊಬ್ಬರ ಪಾಲಾಯಿತು.

ನಾನು ಹೊಸ ಸಿಮ್ ಕೊಳ್ಳಲು ಹೋದಾಗ ಅವರು ಆ ನಂಬರಿಗೇ ಕರೆ ಮಾಡುತ್ತಿದ್ದರು.

"ಮತ್ತೆ ನಾನೇ, ಬೇಜಾರ್ ಮಾಡ್ಕೋಬೇಡಿ. ಅಪ್ಪ ಇದಾರಾ ಅಂತ ಯಾರಾದ್ರೂ ಕೇಳಿದ್ರಾ?"

"ನಿನ್ನೆನೂ ಹೇಳಿದ್ನಲ್ಲ ಮಾರಾಯ್ರೇ, ಯಾರೂ ಮಾಡಿಲ್ಲ" ಎಂದ ಅಪರಿಚಿತ ದನಿ ನನಗೂ ಕೇಳಿಸಿತು.

ಅವರು ಫೋನ್ ಇಟ್ಟು, ನನ್ನ ಮುಂದೆ ಹೊಸ ಸಿಮ್ ಸರಿಸಿದರು. ಹಳೆಯದನ್ನು ಎಸೆಯಲು ಹೇಳಲಿಲ್ಲ.