ಹಿಮ್ಮುಖವಾಗಿ ವಾಳೂಜಿಗೆ

ನಾಸಿಕ್ ರೋಡಿನ ಮನೆ ಖಾಲಿ ಮಾಡಿದ ದಿನ ನಮ್ಮ ಸಾಮಾನೆಲ್ಲ ಮುಂಚಿತವಾಗಿಯೇ ಟೆಂಪೋ ಹತ್ತಿ, ಸಂಭಾಜಿನಗರದ ಪಕ್ಕದ ವಾಳೂಜಿಗೆ ಹೋಗಿತ್ತು. ಉಳಿದದ್ದು ನಾನು, ನನ್ನ ಗಂಡ, ಹಾಸಿಗೆಯ ಸುರುಳಿ, ನಾಲ್ಕಾರು ಗಂಟು ಮತ್ತು ಓಡದ ಒಂದು ಕಾರು.

ನನ್ನ ಗಂಡನಿಗೆ ಒಂದು ಕಡೆ ಕೂತು ಗೊತ್ತಿಲ್ಲ. ಮದುವೆಯಾಗಿ ವಿಜಯಪುರದಿಂದ ಬಂದಾಗ ನಮ್ಮ ಮನೆ ಓಝರ್‌ನಲ್ಲಿತ್ತು. ಅಲ್ಲಿಂದ ಅವರ ಕೆಲಸ ಸಿನ್ನರ್‌ನ ಕಾರ್ಖಾನೆಗೆ ಹೋಯಿತು, ಮನೆ ನಾಸಿಕ್ ರೋಡಿಗೆ ಬಂತು. ಅಲ್ಲಿ ನನಗೂ ಒಂದು ಪ್ರಯೋಗಾಲಯದಲ್ಲಿ ರಕ್ತದ ಮಾದರಿ ತೆಗೆಯುವ ಕೆಲಸ ಸಿಕ್ಕಿತು. ಬೆಳಗಿನ ಪಾಳಿಗೆ ಬರುವ ಮುದುಕಿಯರು ನನ್ನ ಕೈಯಿಂದಲೇ ಸೂಜಿ ಚುಚ್ಚಿಸಿಕೊಳ್ಳುತ್ತೇವೆ ಎಂದು ಕಾಯುವಷ್ಟು ನಾನು ಅಲ್ಲಿ ಬೇರು ಬಿಟ್ಟಿದ್ದೆ. ಅಷ್ಟರಲ್ಲಿ ವಾಳೂಜಿನ ಕಾರ್ಖಾನೆಯೊಂದರಿಂದ ಅವರಿಗೆ ಕರೆ ಬಂತು. "ಪಗಾರಾ ಛಲೋ ಕೊಡ್ತಾರ, ಹೋಗೂಣು" ಎಂದರು. ಅದು ನನ್ನನ್ನು ಕೇಳಿದ್ದಲ್ಲ, ಹೇಳಿದ್ದು.

ಕಾರು ಅವರ ಇನ್ನೊಂದು ಚಡಪಡಿಕೆ. ಹಳೆಯ ಕಾಲದ, ಹಿಂದಿನ ಗಾಲಿಗಳಿಗೆ ಶಕ್ತಿ ಹೋಗುವ ಭಾರದ ಗಾಡಿ. ಯಾರೋ ಮೂಲೆಗೆ ತಳ್ಳಿದ್ದನ್ನು ತಂದು, ರಜೆ ಸಿಕ್ಕಾಗಲೆಲ್ಲ ಅದರ ಕೆಳಗೆ ಮಲಗುತ್ತಿದ್ದರು. ಇಂಜಿನ್ ಇನ್ನೂ ಸತ್ತೇ ಇತ್ತು. ಗೇರ್ ಬಾಕ್ಸನ್ನು ಮಾತ್ರ ಪೂರ್ತಿ ಬಿಚ್ಚಿ, ಹೊಸ ಬೇರಿಂಗ್ ಹಾಕಿ ಸರಿಮಾಡಿದ್ದರು. ಮಾರಿಬಿಡಿ ಎಂದರೆ ಎರಡು ದಿನ ಮಾತು ಬಿಡುತ್ತಿದ್ದರು.

ಅದನ್ನು ಎಳೆದುಕೊಂಡು ಹೋಗಲು ಸಿನ್ನರ್‌ನಲ್ಲಿ ವರ್ಕ್‌ಶಾಪ್ ಇಟ್ಟಿದ್ದ ಅವರ ಗೆಳೆಯ ಬಂದರು. ಅವರೂ ನಮ್ಮ ಕಡೆಯವರೇ. ತಮ್ಮ ಜೀಪಿನ ಹಿಂದೆ ತಾವೇ ವೆಲ್ಡಿಂಗ್ ಮಾಡಿದ ಡಾಲಿಯೊಂದನ್ನು ಕಟ್ಟಿ ತಂದಿದ್ದರು. ಡಾಲಿ ಎಂದರೆ ಎರಡೇ ಗಾಲಿಯ ಗಿಡ್ಡ ಟ್ರಾಲಿ. ಕಾರಿನ ಒಂದು ಜೊತೆ ಗಾಲಿ ಅದರ ಮೇಲೆ ಕೂರುತ್ತದೆ, ಇನ್ನೊಂದು ಜೊತೆ ರಸ್ತೆಯ ಮೇಲೆ ಉರುಳುತ್ತದೆ. ಗೆಳೆಯರು ಮುಂದಿನ ಗಾಲಿಗಳನ್ನು ಏರಿಸಲು ಹೊರಟಾಗ ಗಂಡ ಅಡ್ಡ ನಿಂತರು.

"ಹಿಂದಿನ ಗಾಲಿ ರಸ್ತಾದ ಮ್ಯಾಲ ಉರುಳಿದ್ರ ಗೇರ್ ಬಾಕ್ಸೂ ತಿರಗ್ತದ. ಇಂಜಿನ್ ಬಂದ್ ಇದ್ದಾಗ ಒಳಗ ಎಣ್ಣಿ ಏರಂಗಿಲ್ಲ. ವಾಳೂಜ್ ಮುಟ್ಟೂದ್ರಾಗ ಸುಟ್ಟು ಕರಕ್ ಆಗ್ತದ."

"ಹಂಗಾದ್ರ ನಡುವಿನ ಶಾಫ್ಟ್ ಬಿಚ್ಚೂಣು" ಎಂದರು ಗೆಳೆಯರು.

ಶಾಫ್ಟಿನ ಬೋಲ್ಟುಗಳು ತುಕ್ಕು ಹಿಡಿದು ಒಂದಾಗಿದ್ದವು. ಬಿಚ್ಚುವ ಪಾನಾ ಜಾರಿ ಗಂಡನ ಬೆರಳಿನ ಗೆಣ್ಣು ಸುಲಿಯಿತು, ಬೋಲ್ಟು ಅಲುಗಲಿಲ್ಲ. ಕಡೆಗೆ ಕಾರನ್ನು ತಿರುಗಿಸಿ, ಹಿಂದಿನ ಗಾಲಿಗಳನ್ನೇ ಡಾಲಿಯ ಮೇಲೆ ಏರಿಸಿ ಬಿಗಿದರು. ಈಗ ಕಾರಿನ ಬೆನ್ನು ಜೀಪಿನ ಕಡೆಗೆ, ಮುಖ ನಾಸಿಕ್ ಕಡೆಗೆ. ರಸ್ತೆಯ ಮೇಲೆ ಬಿದ್ದ ಮುಂದಿನ ಗಾಲಿಗಳು ಅತ್ತಿತ್ತ ಹೊರಳದಂತೆ, ಸ್ಟೇರಿಂಗನ್ನು ಎರಡೂ ಕಡೆಯಿಂದ ನೈಲಾನ್ ಹಗ್ಗದಲ್ಲಿ ಸೀಟಿನ ಕಾಲಿಗೆ ಕಟ್ಟಿದರು.

ಜೀಪು ನನ್ನ ಗಂಡನೇ ಓಡಿಸಿದರು. ಗೆಳೆಯರು ಪಕ್ಕದಲ್ಲಿ ಕೂತರು. ಹಿಂದಿನ ಸೀಟಿನ ಮೂಲೆಯಲ್ಲಿ ನಾನು, ನನ್ನ ಪಕ್ಕ ತಲೆಯೆತ್ತರಕ್ಕೆ ಗಂಟುಗಳು. ಮುಂದಿನವರಿಗೆ ನಾನು ಕಾಣುತ್ತಿರಲಿಲ್ಲ. ಕಬ್ಬು ನುರಿಸುವ ದಿನಗಳಾಗಿದ್ದರಿಂದ ಸಿನ್ನರ್ ದಾಟಿದ ಮೇಲೆ ರಸ್ತೆಯ ತುಂಬ ಜೋಡಿ ಟ್ರಾಲಿಯ ಟ್ರ್ಯಾಕ್ಟರುಗಳು. ನಾನು ಹಿಂದಿನ ಗಾಜಿನಿಂದ ಕಾರನ್ನೇ ನೋಡುತ್ತಿದ್ದೆ. ಟ್ರ್ಯಾಕ್ಟರ್ ದಾಟಿದಾಗಲೆಲ್ಲ ಕಾರಿನ ತುದಿ ಎಡಕ್ಕೆ ವಾಲುತ್ತಿತ್ತು, ತಡೆದು ಬಲಕ್ಕೆ ವಾಲುತ್ತಿತ್ತು.

"ಗಾಡಿ ಹೊಯ್ದಾಡಾಕತ್ತದ ನೋಡ್ರಿ" ಎಂದೆ.

"ಏನಾಗಂಗಿಲ್ಲ ವೈನಿ, ನೀವು ಮಲಕೋರಿ" ಎಂದರು ಗೆಳೆಯರು. ಗಂಡ ಕನ್ನಡಿ ಕೂಡ ನೋಡಲಿಲ್ಲ. ಮಲಗುವುದು ಹೇಗೆ? ಕಾಲು ಮಡಚಿದೆ, ಬಿಡಿಸಿದೆ, ನೀರು ಕುಡಿದೆ, ಮತ್ತೆ ತಿರುಗಿ ನೋಡಿದೆ.

ವೈಜಾಪುರದ ಆಚೆ ಒಂದು ಚಹಾದ ಅಂಗಡಿಯ ಬಳಿ ನಿಂತೆವು. ಗಂಡಸರು ಹೊಸ ಕಾರ್ಖಾನೆಯ ಮಾತಿನಲ್ಲಿದ್ದರು. ನಾನು ಅರ್ಧ ಚಹಾ ಬಿಟ್ಟು ಕಾರಿನ ಹತ್ತಿರ ಹೋದೆ. ಅಂದುಕೊಂಡಂತೆಯೇ ಆಗಿತ್ತು, ಒಂದು ಕಡೆಯ ಹಗ್ಗ ಜಾರಿ ಸಡಿಲವಾಗಿತ್ತು. "ಹಗ್ಗಾ ಸಡಲ ಆಗ್ಯದ, ಬಿಗೀತೀನಿ" ಎಂದು ಕೂಗಿದೆ. ಗಂಡ ಕೈ ಎತ್ತಿದರು. ಕೇಳಿಸಿತು ಎಂದುಕೊಂಡೆ. ಡ್ರೈವರ್ ಸೀಟಿನಲ್ಲಿ ಕೂತು ಗಂಟು ಪೂರ್ತಿ ಬಿಚ್ಚಿದೆ. ಬಯಲಿನಿಂದ ಧೂಳು ಎದ್ದು ಕಣ್ಣಿಗೆ ಬೀಳುತ್ತಿತ್ತು, ಬಾಗಿಲನ್ನು ಧಡಾರನೆ ಎಳೆದುಕೊಂಡೆ.

ಆ ಸಪ್ಪಳ ಕೇಳಿದ್ದೇ ಜೀಪು ಹೊರಟಿತು.

ಮೊದಲು ನಗು ಬಂತು. ನಾಲ್ಕು ಮಾರು ಹೋಗಿ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಲಿಲ್ಲ. ಚಹಾದ ಅಂಗಡಿ, ಅದರ ಮುಂದಿನ ಬೇವಿನ ಮರ, ನಾನು ಬಿಟ್ಟ ಗ್ಲಾಸು ಇದ್ದ ಬೆಂಚು ಎಲ್ಲ ನನ್ನ ಕಣ್ಣ ಮುಂದೆಯೇ ಸಣ್ಣದಾಗುತ್ತ ಹೋದವು. ಹಾರ್ನ್ ಒತ್ತಿದೆ, ಬ್ಯಾಟರಿಯೇ ಇರಲಿಲ್ಲ. ಫೋನು ಜೀಪಿನಲ್ಲಿ ನನ್ನ ಪರ್ಸಿನೊಳಗಿತ್ತು. ಗಾಜು ಇಳಿಸಿ ಕೂಗಿದೆ. ಮುಂದಿರುವವರಿಗೆ ಕೂಗಬೇಕಾದರೆ ನಾನು ಬೆನ್ನ ಹಿಂದಕ್ಕೆ ಕೂಗಬೇಕಿತ್ತು. ಗಾಳಿ ನನ್ನ ದನಿಯನ್ನು ಕಿತ್ತು ನಾಸಿಕ್ ಕಡೆಗೆ ಒಯ್ದಿತು.

ಅಷ್ಟರಲ್ಲಿ ಸ್ಟೇರಿಂಗ್ ತಾನೇ ತಿರುಗತೊಡಗಿತು. ಹಗ್ಗ ಬಿಚ್ಚಿದವಳು ನಾನೇ. ಹಿಮ್ಮುಖವಾಗಿ ಎಳೆಯಲ್ಪಡುವ ಗಾಲಿಗಳಿಗೆ ನೆಟ್ಟಗೆ ಇರಲು ಮನಸ್ಸಿಲ್ಲ. ಒಂದು ಪಕ್ಕಕ್ಕೆ ಹೊರಳಿಕೊಳ್ಳಲು ನೋಡುತ್ತವೆ. ಕಾರಿನ ಮೂತಿ ರಸ್ತೆಯ ನಡುವಿಗೆ ಜಗ್ಗಿತು. ಜೀಪಿನ ಎದುರಿನಿಂದ ಬಂದ ಬಸ್ಸೊಂದು ನನ್ನ ಬೆನ್ನ ಕಡೆಯಿಂದ ಪಕ್ಕಕ್ಕೆ ಬಂದು, ಒಂದೇ ಗೇಣು ಅಂತರದಲ್ಲಿ ಹಾದುಹೋಯಿತು. ಎರಡೂ ಕೈಯಿಂದ ಸ್ಟೇರಿಂಗ್ ತಬ್ಬಿದಂತೆ ಹಿಡಿದೆ. ಕಾಲನ್ನು ಮುಂದಕ್ಕೆ ಒತ್ತಿ, ಬೆನ್ನನ್ನು ಸೀಟಿಗೆ ಕೊಟ್ಟೆ. ಬ್ರೇಕ್ ಒತ್ತಲೇ ಎಂದು ಒಮ್ಮೆ ಅನಿಸಿತು. ಒತ್ತಿದರೆ ಡಾಲಿ ಕಿತ್ತುಕೊಂಡೀತೆಂದು ಹೆದರಿದೆ.

ಎಷ್ಟು ಹೊತ್ತು ಹಾಗಿದ್ದೆನೋ ತಿಳಿಯದು. ಆದರೆ ಆ ಹೊತ್ತಿನಲ್ಲಿ ಭಯಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ನೆನಪಿದೆ. ಹೊಲಗಳು, ಈರುಳ್ಳಿಯ ಮಡಿಗಳು, ನಾವು ಬಂದ ದಾರಿಯೆಲ್ಲ ನನ್ನಿಂದ ದೂರ ಸರಿಯುತ್ತಿದ್ದವು. ಎಲ್ಲಿಗೆ ಹೋಗುತ್ತಿದ್ದೇನೆ ಎಂಬುದು ಕಾಣುತ್ತಿರಲಿಲ್ಲ, ಏನು ಬಿಟ್ಟುಬಂದೆ ಎಂಬುದಷ್ಟೇ ಕಾಣುತ್ತಿತ್ತು. ಈ ಮನುಷ್ಯನ ಹಿಂದೆ ಇಷ್ಟು ವರ್ಷ ಹೀಗೇ ಬಂದೆನಲ್ಲ ಎಂದು ಅಳು ಬಂತು. ಕಣ್ಣೊರೆಸಿಕೊಳ್ಳಲು ಕೈ ಬಿಡುವಂತಿರಲಿಲ್ಲ.

ಆಗ ನಾವು ಬಂದ ದಾರಿಯಿಂದಲೇ ಒಂದು ಬೈಕು ನನ್ನ ಎದುರಿಗೆ ಹತ್ತಿರವಾಯಿತು. ಓಡಿಸುತ್ತಿದ್ದವರು ನಡುವಯಸ್ಸಿನ ರೈತ. ಹಿಂದೆ ಕೂತ ಹೆಂಡತಿ ಸೆರಗನ್ನು ಹಲ್ಲಿನಲ್ಲಿ ಕಚ್ಚಿದ್ದರು. ಹಿಮ್ಮುಖ ಓಡುವ ಕಾರಿನಲ್ಲಿ ತಮ್ಮ ಕಡೆಗೇ ಮುಖ ಮಾಡಿ ಕೂತ ಹೆಂಗಸನ್ನು ಕಂಡು ಆಕೆ ಮೊದಲು ನಕ್ಕರು. ನಾನು ತಲೆ ಅಲ್ಲಾಡಿಸಿದೆ, ಒಂದು ಕೈ ಬಿಟ್ಟು ಜೀಪಿನ ಕಡೆ ತೋರಿಸಿ ಮತ್ತೆ ಸ್ಟೇರಿಂಗ್ ಹಿಡಿದೆ. ಆಕೆಯ ನಗು ನಿಂತಿತು. ತಮ್ಮ ಗಂಡನ ಬೆನ್ನಿಗೆ ಗುದ್ದಿ "ಅಹೋ, ಗಾಡೀತ ಬಾಈ ಆಹೇ! ಥಾಂಬವಾ ತ್ಯಾಂನಾ!" ಗಾಡಿಯಲ್ಲಿ ಹೆಂಗಸಿದ್ದಾಳೆ, ಅವರನ್ನು ನಿಲ್ಲಿಸಿ ಎಂದು ಮರಾಠಿಯಲ್ಲಿ ಕಿರುಚಿದರು. ಬೈಕು ನನ್ನ ಪಕ್ಕದಿಂದ ಮುಂದಕ್ಕೆ ನುಗ್ಗಿತು. ಸ್ವಲ್ಪ ಹೊತ್ತಿಗೆ ವೇಗ ಇಳಿಯಿತು, ಕಾರು ಒಮ್ಮೆ ಕುಲುಕಿ ನಿಂತಿತು.

ನನ್ನ ಬೆರಳುಗಳು ಸ್ಟೇರಿಂಗಿನಿಂದ ಬಿಡಲೊಲ್ಲವು. ಆ ಹೆಂಗಸೇ ಬಾಗಿಲು ತೆಗೆದು ಅವನ್ನು ಒಂದೊಂದಾಗಿ ಬಿಡಿಸಿದರು, ಬೆನ್ನು ಸವರಿದರು. ಗಂಡ ಓಡಿ ಬಂದರು. ಮುಖ ಬಿಳಿಚಿತ್ತು.

"ಅಲ್ಲಾ, ನೀ ಇದರಾಗ ಇದ್ದೇನ? ಬಾಗಲಾ ಹಾಕಿದ್ ಸಪ್ಪಳ ಕೇಳಿ ಹತ್ತಿದಿ ಅಂದ್ಕೊಂಡೆ."

"ತಿರುಗಿ ನೋಡಿದ್ರೇನು?"

ಅವರು ತಮ್ಮ ಸುಲಿದ ಬೆರಳನ್ನು ಉಜ್ಜಿಕೊಂಡರು.

"ಒಂದ್ಸಲನರೆ ನನ್ನ ಜೋಡಿ ಮಾತಾಡಿದ್ರೇನು? ಮಾತಾಡಿದ್ರ ನಾ ಇಲ್ಲ ಅಂತ ತಿಳೀತಿತ್ತು."

ಬೈಕಿನ ದಂಪತಿಗೆ ಕನ್ನಡ ತಿಳಿಯದಿದ್ದರೂ ಮಾತು ತಿಳಿದಿತ್ತು. ರೈತರು ನನ್ನ ಗಂಡನನ್ನು ಮರಾಠಿಯಲ್ಲಿ ಚೆನ್ನಾಗಿ ಬೈದರು. ಗಂಡ ತಲೆ ತಗ್ಗಿಸಿ ಬೈಸಿಕೊಂಡರು. ಗೆಳೆಯರು ಈ ಸಲ ಹಗ್ಗ ಬಿಟ್ಟು, ಸರಕು ಕಟ್ಟುವ ಅಗಲದ ಪಟ್ಟಿ ತಂದು ಸ್ಟೇರಿಂಗ್ ಬಿಗಿದರು. ನಾನು ಜೀಪಿನ ಮುಂದಿನ ಸೀಟಿನಲ್ಲಿ ಕೂತೆ. ಗೆಳೆಯರು ಏನೂ ಹೇಳಿಸಿಕೊಳ್ಳದೆ ಗಂಟುಗಳ ನಡುವೆ ತೂರಿಕೊಂಡರು. ಗಂಗಾಪುರ ದಾಟುವಾಗ ನಾನೇ ಹೇಳಿದೆ:

"ಇನ್ನ ಮ್ಯಾಲ ನನ್ನ ಕೇಳಲಾರ್ದ ನಾ ಯಾ ಊರಿಗೂ ಬರಂಗಿಲ್ಲ. ನೀವು ಹೋಗ್ರಿ, ನಿಮ್ಮ ಕಾರೂ ಹೋಗ್ಲಿ."

"ಆತು" ಎಂದರು ಗಂಡ. ಅಷ್ಟೇ.

ಸಂಜೆ ಬೆಳಕಿದ್ದಾಗಲೇ ವಾಳೂಜ್ ಸೇರಿದೆವು. ಕಾರ್ಖಾನೆಗಳ ಪಾಳಿ ಬಿಟ್ಟು ರಸ್ತೆಯ ತುಂಬ ಜನ. ಕಾರನ್ನು ಇಳಿಸಿ ಬಾಡಿಗೆ ಮನೆಯ ಗೋಡೆಗೆ ಹಚ್ಚಿ ನಿಲ್ಲಿಸಿದರು. ಗಂಡ ತಮ್ಮ ಗೇರ್ ಬಾಕ್ಸನ್ನು ನೋಡಲು ಬಗ್ಗಲಿಲ್ಲ. ನನ್ನ ತೋಳಿಗೆ ಎಣ್ಣೆ ಬಿಸಿ ಮಾಡಲು ಒಳಗೆ ಹೋದರು. ಸ್ಟೌವ್ ಯಾವ ಗಂಟಿನಲ್ಲಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ನಾನು ಸಂಭಾಜಿನಗರದಲ್ಲಿ ಮತ್ತೆ ರಕ್ತದ ಮಾದರಿ ತೆಗೆಯುವ ಕೆಲಸವನ್ನೇ ಹುಡುಕಿಕೊಂಡೆ. ಮರುವರ್ಷ ಪುಣೆಯ ಕಡೆಯಿಂದ ಅವರಿಗೆ ಇನ್ನೊಂದು ಕರೆ ಬಂತು. ಎರಡು ದಿನ ಮನೆಯೊಳಗೆ ಅತ್ತಿಂದಿತ್ತ ನಡೆದರು. ನನಗೂ ಅನ್ನ ಸೇರಲಿಲ್ಲ. ಮೂರನೆಯ ದಿನ ನಾನು ಕೆಲಸಕ್ಕೆ ಹೊರಟಾಗ ಚಪ್ಪಲಿಯ ಹತ್ತಿರ ಬಂದು ನಿಂತರು.

"ಪುಣೆಕ್ಕ ಹೋಗೂಣೇನು?" ಎಂದು ಕೇಳಿದರು.

"ಬ್ಯಾಡ್ರಿ" ಎಂದೆ.

ಹೂಂ ಎಂದು ಒಳಗೆ ಹೋದರು. ನಾನು ಬಸ್ಸು ಹಿಡಿದೆ. ಮುಂದಿನ ಸೀಟಿನಲ್ಲಿ ಕೂತು, ದಾರಿಯುದ್ದಕ್ಕೂ ಎದುರಿನ ರಸ್ತೆಯನ್ನೇ ನೋಡಿದೆ.